ಚಾಂದನಿಯ ಹಾಸಿಗೆ

ಕಳೆದ ಮಳೆಗಾಲದಲ್ಲಿ ಮಲ್ಕಾಜ್‌ಗಿರಿಯ ನಮ್ಮ ಮನೆಯ ಮುಂಬಾಗಿಲು ನೀರು ಕುಡಿದು ಉಬ್ಬಿಕೊಂಡಿತು. ತೆಗೆಯಬೇಕಾದರೆ ಭುಜ ಕೊಟ್ಟು ನೂಕಬೇಕು, ಹಾಕಬೇಕಾದರೆ ಕಾಲಿನಿಂದ ಒದೆಯಬೇಕು. ಒಂದು ಮಧ್ಯಾಹ್ನ ಬಡಗಿ ಬಂದು ಬಾಗಿಲು ಕಳಚಿ, ವರಾಂಡದಲ್ಲಿ ಅಡ್ಡ ಮಲಗಿಸಿ, ಅದರ ಅಂಚನ್ನು ಕೀಸುಳಿಯಿಂದ ಹೆರೆಯತೊಡಗಿದ. ತೆಳ್ಳಗಿನ ಸಿಪ್ಪೆ ಸುರುಳಿ ಸುರುಳಿಯಾಗಿ ನೆಲಕ್ಕೆ ಬಿತ್ತು. ನಾನು ಅಡುಗೆಮನೆಯಲ್ಲಿದ್ದೆ. ವಾಸನೆ ಅಲ್ಲಿಯವರೆಗೂ ಬಂತು. ಒಲೆ ಆರಿಸಿ ಹೊರಗೆ ಬಂದೆ.

ನೋಡಿದರೆ ಅವ್ವ ನನಗಿಂತ ಮೊದಲೇ ಅಲ್ಲಿದ್ದಳು. ಮೊಣಕಾಲು ನೋವಿನವಳು, ಗೋಡೆ ಹಿಡಿದುಕೊಂಡು ನೆಲಕ್ಕೆ ಕುಳಿತಿದ್ದಳು. ಒಂದು ಹಿಡಿ ಸಿಪ್ಪೆ ತೆಗೆದುಕೊಂಡು ಮೂಸಿದಳು. ಆಮೇಲೆ ಅದನ್ನು ಬೆಳಕಿಗೆ ಅಡ್ಡವಾಗಿ ಎತ್ತಿ ಮೇಲಿನಿಂದ ಬಿಟ್ಟು, ಎಷ್ಟು ಪುಡಿ ಹಾರುತ್ತದೆಂದು ಕಣ್ಣು ಕಿರಿದು ಮಾಡಿ ನೋಡಿದಳು.

“ಸಾಗವಾನಿ,” ಅಂದಳು ಬಡಗಿಗೆ. “ಕಟಗಿ ಚಲೋ ಐತಿ. ಆದ್ರ ಕುದುರಿಗೆ ಆಗಂಗಿಲ್ಲ.”

ಬಡಗಿ ತೆಲುಗಿನವನು. “ಏಮಂಟುನ್ನಾರಮ್ಮಾ?” ಎಂದು ನನ್ನ ಮುಖ ನೋಡಿದ. ಏನು ಹೇಳುತ್ತಿದ್ದಾರೆ ಎಂದು ಕೇಳುತ್ತಿದ್ದ. ಅವ್ವನ ಮಾತನ್ನು ತೆಲುಗಿಗೆ ತಿರುಗಿಸಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿಕೊಂಡೆ. ಅವ್ವನ ಮಾತನ್ನು ಇನ್ನೊಂದು ಭಾಷೆಗೆ ತಿರುಗಿಸಿ ಹೇಳುವ ಕೆಲಸವನ್ನು ನಾನು ಹಿಂದೆ ಒಂದು ಮಳೆಗಾಲದಲ್ಲಿ ಮಾಡಿದ್ದೇನೆ. ಅದನ್ನು ಯಾರಿಗೂ ಹೇಳಿಲ್ಲ.

ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವಳು ನಾನೇ ಮೊದಲು. ಇದನ್ನು ಇವತ್ತಿಗೂ ಹೆಮ್ಮೆಯಿಂದ ಹೇಳುತ್ತೇನೆ. ನಾಚಿಕೆ ಅದಕ್ಕಲ್ಲ. ನಾವು ಸೇಡಂ ಕಡೆಯವರು. ಅಪ್ಪ ಅವ್ವ ಕೂಲಿಗೆಂದು ರೈಲು ಹತ್ತಿ ಹೈದರಾಬಾದಿಗೆ ಬಂದಾಗ ನಾನು ಅಜ್ಜಿಯ ಹತ್ತಿರ ಉಳಿದು ಏಳನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದೆ. ಅಪ್ಪ ತೀರಿಕೊಂಡ ವರ್ಷ ಅವ್ವ ನನ್ನನ್ನು ಕರೆತಂದು ಕುಷಾಯಿಗೂಡದ ಒಂದು ಕೋಣೆಯ ಮನೆಯಲ್ಲಿ ಇಟ್ಟುಕೊಂಡಳು. ಹೊಸ ಭಾಷೆ, ಹೊಸ ಶಾಲೆ. ಎಂಟನೆಯಲ್ಲಿ ಎರಡು ಸಲ ಕೂತೆ. ಆದರೂ ಬಿಡಲಿಲ್ಲ. ಬಿ.ಕಾಂ. ಮುಗಿಸಿದೆ, ಟೈಪಿಂಗ್ ಕಲಿತೆ, ಕಂಪ್ಯೂಟರ್ ಕಲಿತೆ. ಪದವಿಯ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಿದ ದಿನ ಅವ್ವ ಅದನ್ನು ಎರಡೂ ಕೈಯಲ್ಲಿ ಹಿಡಿದು, “ನೀರು ಬಿದ್ರೂ ಏನಾಗಂಗಿಲ್ಲಲ್ಲ?” ಎಂದು ಕೇಳಿದ್ದಳು. ನಮ್ಮ ಕೋಣೆ ಸೋರುತ್ತಿತ್ತು.

ಹೈಟೆಕ್ ಸಿಟಿ ಎಂಬ ಹೆಸರು ಇನ್ನೂ ಹೊಸದಾಗಿದ್ದ ಕಾಲ ಅದು. ಊರಿನ ಆ ತುದಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅವುಗಳ ಒಳಗಿನ ಮೇಜು, ಕಪಾಟು, ಅಡ್ಡಗೋಡೆಗಳನ್ನು ಮಾಡುವ ಕಾರ್ಖಾನೆಗಳು ನಮ್ಮ ಈ ತುದಿಯಲ್ಲಿ ತಲೆಯೆತ್ತಿದ್ದವು. ಕಂಪ್ಯೂಟರ್ ಕಲಿತವರಿಗೆಲ್ಲ ಕೆಲಸ ಎಂದು ಗೋಡೆಗೋಡೆಯ ಮೇಲೂ ಬರೆದಿತ್ತು. ನಾನು ಅರ್ಜಿ ಹಾಕಿದಲ್ಲೆಲ್ಲ ಇಂಗ್ಲಿಷಿನಲ್ಲಿ ಎರಡು ಪ್ರಶ್ನೆ ಕೇಳಿ, ಅನುಭವ ಇದೆಯೇ ಎಂದು ಮೂರನೆಯದು ಕೇಳಿ ಕಳಿಸುತ್ತಿದ್ದರು.

ಅವ್ವ ಆಗ ಕೀಸರ ರಸ್ತೆಯ ಒಂದು ಕುದುರೆ ಸವಾರಿ ಶಾಲೆಯಲ್ಲಿ ಕೆಲಸಕ್ಕಿದ್ದಳು. ಸೈನ್ಯದಿಂದ ನಿವೃತ್ತರಾದ ಉತ್ತರದ ಕಡೆಯ ಸಾಹೇಬರೊಬ್ಬರು ಅದನ್ನು ನಡೆಸುತ್ತಿದ್ದರು. ಒಂಬತ್ತು ಕುದುರೆಗಳು. ಶನಿವಾರ ಭಾನುವಾರ ಸಾಫ್ಟ್‌ವೇರ್ ಮಂದಿಯ ಮಕ್ಕಳು ಕಾರಿನಲ್ಲಿ ಬಂದು ಸವಾರಿ ಕಲಿಯುತ್ತಿದ್ದರು. ಕುದುರೆಗಳ ಮೈ ತಿಕ್ಕುವುದು, ಜೀನು ಕಟ್ಟುವುದು ಖಾಜಾ ಮಿಯಾ ಅವರ ಕೆಲಸ. ಅವರು ಬೀದರಿನವರು, ಅರ್ಧ ಉರ್ದು ಅರ್ಧ ಕನ್ನಡ ಆಡುವ ಹಿರಿಯರು. ಲದ್ದಿ ಬಾಚುವುದು, ಹಾಸಿಗೆ ನೋಡಿಕೊಳ್ಳುವುದು ಅವ್ವನ ಕೆಲಸ.

ಹಾಸಿಗೆ ಅಂದರೆ ಮರದ ಸಿಪ್ಪೆ. ಕುಷಾಯಿಗೂಡದ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಮರದ ಪೆಟ್ಟಿಗೆ ಮಾಡಿಕೊಡುವ ಒಂದು ಅಂಗಡಿಯಿಂದ ಚೀಲಗಟ್ಟಲೆ ಬರುತ್ತಿತ್ತು. ಬಿಳಿಯ ಮೆದು ಮರದ ಸಿಪ್ಪೆ. ಅದನ್ನು ಲಾಯದ ಪ್ರತಿ ಕೋಣೆಯಲ್ಲೂ ಒಂದು ಗೇಣು ದಪ್ಪ ಹರಡಬೇಕು. ಗೋಡೆಯ ಬುಡಕ್ಕೆ ಇನ್ನೂ ಎತ್ತರವಾಗಿ ದಿಂಬಿನ ಹಾಗೆ ಒತ್ತಬೇಕು, ಇಲ್ಲದಿದ್ದರೆ ಕುದುರೆ ಹೊರಳಿದಾಗ ಕಾಲು ಗೋಡೆಗೆ ಸಿಕ್ಕಿ ಏಳಲಾರದೆ ಒದ್ದಾಡುತ್ತದೆ. ದಿನಾ ಬೆಳಿಗ್ಗೆ ಒಣಗಿದ್ದನ್ನು ಮೂಲೆಗೆ ಸರಿಸಿ, ಉಚ್ಚೆ ಕುಡಿದು ಕಪ್ಪಾದದ್ದನ್ನು ಕೆರೆದು ಹೊರಗೆ ಹಾಕಿ, ನೆಲಕ್ಕೆ ಸುಣ್ಣ ಎರಚಿ, ಗಾಳಿಗೆ ಬಿಟ್ಟು, ನೆಲ ಆರಿದ ಮೇಲೆ ಮತ್ತೆ ಹರಡಬೇಕು. ಕಪ್ಪು ಎಲ್ಲಿದೆ ಎಂದು ಅವ್ವ ಕಣ್ಣಿನಿಂದ ಹುಡುಕುತ್ತಿರಲಿಲ್ಲ. ಬರಿಗಾಲಿನಲ್ಲಿ ನಡೆದು, ಅಂಗಾಲಿಗೆ ತಂಪು ಹತ್ತಿದಲ್ಲಿ ನಿಲ್ಲುತ್ತಿದ್ದಳು.

ಅವಳದೇ ಇನ್ನೊಂದು ಪದ್ಧತಿಯಿತ್ತು. ಹೊಸ ಚೀಲದ ಸಿಪ್ಪೆ ಹಾಸಿದ ದಿನ ಕುದುರೆಯನ್ನು ಒಳಗೆ ಬಿಡುವ ಮೊದಲು ತಾನೇ ಅದರ ಮೇಲೆ ಮಲಗುತ್ತಿದ್ದಳು. ಮಗ್ಗುಲಾಗಿ, ಕೆನ್ನೆ ಸಿಪ್ಪೆಗೆ ಹಚ್ಚಿ, ಒಂದು ಎಲೆ ಅಡಿಕೆ ಅಗಿದು ಮುಗಿಯುವಷ್ಟು ಹೊತ್ತು. ಕಣ್ಣು ಉರಿದರೆ, ಗಂಟಲು ಕೆರೆದರೆ, ಅಷ್ಟನ್ನೂ ತೆಗೆದು ಹಾಕುವುದು.

“ಅಕ್ಕಾ, ನೀ ಇಲ್ಲೇ ಮಲಗಿದ್ರ ಕುದುರಿ ನಿಮ್ಮ ಮನಿಗೆ ಹೋಗಿ ಮಲಗಬೇಕೇನು?” ಎಂದು ಖಾಜಾ ಮಿಯಾ ಬಾಗಿಲಲ್ಲಿ ನಿಂತು ಕೆಣಕುತ್ತಿದ್ದರು.

“ಹೋಗಲಿ ಬಿಡ್ರಿ. ಅಲ್ಲಿ ಸೋರತೈತಿ, ತಾನ ಓಡಿ ಬರತೈತಿ,” ಅನ್ನುತ್ತಿದ್ದಳು ಅವ್ವ, ಮಲಗಿದಲ್ಲಿಂದಲೇ.

ಚಾಂದನಿ ಎಂಬ ಬಿಳಿ ಹೆಣ್ಣು ಕುದುರೆಯ ಮೇಲೆ ಅವಳಿಗೆ ಹೆಚ್ಚು ಜೀವ. ವಯಸ್ಸಾದ ಕುದುರೆ, ಮೊದಲಿಂದಲೂ ಧೂಳು ಕಂಡರೆ ಕೆಮ್ಮುತ್ತಿತ್ತು. ಹಾಸಿಗೆ ಒಗ್ಗದಿದ್ದರೆ ಮಲಗುತ್ತಲೇ ಇರಲಿಲ್ಲ, ಎಷ್ಟು ದಿನವಾದರೂ ನಿಂತೇ ಇರುತ್ತಿತ್ತು. ಬೆಳಿಗ್ಗೆ ಹೋದೊಡನೆ ಅವ್ವ ಮೊದಲು ನೋಡುತ್ತಿದ್ದದ್ದು ಅದರ ಪಕ್ಕೆಯನ್ನು. ಸಿಪ್ಪೆ ಅಂಟಿಕೊಂಡಿದ್ದರೆ ಮಲಗಿ ಎದ್ದಿದೆ ಎಂದು ಅರ್ಥ. ಆ ದಿನ ಅವ್ವನ ಮುಖ ನೋಡಬೇಕಿತ್ತು.

ಇದನ್ನೆಲ್ಲ ನಾನು ಕಣ್ಣಾರೆ ಕಂಡದ್ದು ಆ ಶಾಲೆಯ ಆಫೀಸಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಕೆಲಸದ ಸುದ್ದಿ ತಂದವಳೂ ಅವ್ವನೇ. “ಆಫೀಸಿಗೆ ಓದಿದ ಹುಡುಗಿ ಬೇಕಂತ. ಫೋನ್ ಎತ್ತೂದು, ಬಂದವ್ರ ಕೂಡ ಇಂಗ್ಲೀಷ್ ಮಾತಾಡೂದು, ಸಾಮಾನು ತರಸೂದು. ಹೋಗಿ ಕೇಳು.” ರೊಟ್ಟಿ ತಿರುವಿ ಹಾಕುತ್ತ ಹೇಳಿದಳು: “ನನ್ನ ಮಗಳು ಅಂತ ಹೇಳಬ್ಯಾಡ, ನನ್ನವ್ವಾ. ಲದ್ದಿ ಹೊರೂ ಹೆಣ್ಮಗಳ ಮಗಳಂದ್ರ ಅವರು ಕುರ್ಚಿ ಕೊಡಂಗಿಲ್ಲ.”

ಹಾಗೇಕೆ ಅನ್ನುತ್ತೀ ಎಂದು ನಾನು ಒಂದು ಮಾತಿಗಾದರೂ ಕೇಳಬಹುದಿತ್ತು. ಕೇಳಲಿಲ್ಲ. ಅವಳಾಗಿಯೇ ಹೇಳಿದಳಲ್ಲ ಎಂದು ಒಳಗೊಳಗೇ ಹಗುರಾದೆ. ಬರೆಯಲು ಕಷ್ಟವಾಗುವ ಸಂಗತಿಗಳು ಮುಂದೆ ಇನ್ನೂ ಇವೆ, ಆದರೆ ನಾನು ಮತ್ತೆ ಮತ್ತೆ ನೆನೆದು ನಾಚುವುದು ಆ ಹಗುರವನ್ನು.

ಕೆಲಸ ಸಿಕ್ಕಿತು, ಕುರ್ಚಿಯೂ ಸಿಕ್ಕಿತು. ಬೆಳಿಗ್ಗೆ ಒಂದೇ ಮನೆಯಿಂದ ಹೊರಟು, ಒಂದೇ ಬಸ್ಸಿನಲ್ಲಿ ಹೋಗಿ, ಅವ್ವ ಒಂದು ಸ್ಟಾಪ್ ಮೊದಲೇ ಇಳಿದು ನಡೆದುಕೊಂಡು ಬರುತ್ತಿದ್ದಳು. ಲಾಯದಲ್ಲಿ ನನ್ನನ್ನು ಕಂಡರೆ ಪಕ್ಕಕ್ಕೆ ಸರಿದು “ನಮಸ್ಕಾರ ರೀ ಮೇಡಂ” ಅನ್ನುತ್ತಿದ್ದಳು. ಮೊದಲ ದಿನ ಇಬ್ಬರಿಗೂ ನಗು ಬಂತು. ಒಂದು ವಾರದಲ್ಲಿ ನನಗೆ ರೂಢಿಯಾಯಿತು. ಅವಳಿಗೆ ರೂಢಿಯಾಯಿತೋ ಇಲ್ಲವೋ ನಾನು ಕೇಳಿಲ್ಲ. ಖಾಜಾ ಮಿಯಾ ಅವರಿಗೆ ಮಾತ್ರ ವಿಷಯ ಗೊತ್ತಿತ್ತು. ಅವರು ನನ್ನನ್ನು ‘ಬೇಟಿ’ ಎಂದು ಒಂದೇ ಒಂದು ಸಲ ಕರೆದರು. ನಾನು ಉತ್ತರ ಕೊಡಲಿಲ್ಲ. ಆಮೇಲೆ ಅವರೂ ‘ಮೇಡಂ’ ಅಂದರು.

ಆ ವರ್ಷ ಜುಲೈನಲ್ಲಿ ಹಿಡಿದ ಜಡಿಮಳೆ ಬಿಡಲೇ ಇಲ್ಲ. ಪೆಟ್ಟಿಗೆ ಅಂಗಡಿಯ ತಗಡು ಸೋರಿ ಸಿಪ್ಪೆಯೆಲ್ಲ ಒದ್ದೆಯಾಗಿ ಬಂತು. ಒದ್ದೆ ಸಿಪ್ಪೆ ಚೀಲದಲ್ಲಿ ಎರಡು ದಿನ ಇದ್ದರೆ ಬಿಸಿಯಾಗಿ ಬೂಸು ಹಿಡಿಯುತ್ತದೆ. ಅವ್ವ ಅಷ್ಟನ್ನೂ ಅಂಗಳದ ತಗಡಿನ ಚಪ್ಪರದ ಕೆಳಗೆ ಹರವಿ, ದಿನಕ್ಕೆ ನಾಲ್ಕು ಸಲ ಕೈಯಾಡಿಸಿ ಒಣಗಿಸುತ್ತಿದ್ದಳು. ಚಪ್ಪರಕ್ಕೆ ಗೋಡೆಯಿರಲಿಲ್ಲ, ನಾಲ್ಕೂ ಕಡೆಯಿಂದ ಗಾಳಿ ಬರುತ್ತಿತ್ತು. ಒಣಗಿದಷ್ಟು ಮಾತ್ರ ಒಳಗೆ ಹೋಗುತ್ತಿತ್ತು. ಕೆಲಸ ನಿಧಾನ.

ಅದೇ ಹೊತ್ತಿಗೆ ಒಂದು ಸಾಫ್ಟ್‌ವೇರ್ ಕಂಪನಿಯವರು ತಮ್ಮ ನೌಕರರ ಕುಟುಂಬಗಳನ್ನು ಭಾನುವಾರ ಕರೆತರುತ್ತೇವೆ ಎಂದರು. ಸಾಹೇಬರು ಏರ್ಪಾಟನ್ನೆಲ್ಲ ನನಗೆ ವಹಿಸಿದರು. ನನ್ನ ಜೀವನದಲ್ಲಿ ಯಾರೋ ನನ್ನನ್ನು ನಂಬಿ ಕೊಟ್ಟ ಮೊದಲ ದೊಡ್ಡ ಕೆಲಸ ಅದು. ಬಂದವರಿಗೆ ಊಟಕ್ಕೆ ಆ ಚಪ್ಪರ ಬೇಕು. ಚಪ್ಪರದ ತುಂಬ ಒದ್ದೆ ಸಿಪ್ಪೆ.

ನಾನು ನಾಲ್ಕು ಕಡೆ ಫೋನ್ ಮಾಡಿ, ಆಫೀಸುಗಳಿಗೆ ಮೇಜು ಕಪಾಟು ಮಾಡುವ ಒಂದು ಕಾರ್ಖಾನೆಯನ್ನು ಹುಡುಕಿದೆ. ಅಲ್ಲಿ ಯಂತ್ರದಡಿ ದಿನಾ ರಾಶಿ ಬೀಳುತ್ತದೆ, ಸುಮ್ಮನೆ ಎಸೆಯುತ್ತೇವೆ, ಒಯ್ಯಿರಿ ಅಂದರು. ಶುಕ್ರವಾರ ವ್ಯಾನು ತುಂಬ ಬಂತು. ಒಣಗಿದ್ದು, ತಿಳಿಬಣ್ಣದ್ದು, ಎಲ್ಲ ಒಂದೇ ಸಮ. ನೋಡಿ ಹಿಗ್ಗಿದೆ.

ಅವ್ವ ಚೀಲದ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ಹಾಕಿದಳು. ಹೊರತೆಗೆದಾಗ ಕೈಗೆ ಹಿಟ್ಟಿನ ಹಾಗೆ ಪುಡಿ ಅಂಟಿತ್ತು. ಮೂಸಿದಳು. ಇನ್ನೊಂದು ಚೀಲ, ಮತ್ತೊಂದು. ಆಮೇಲೆ ಒಂದು ಖಾಲಿ ಕೋಣೆಯಲ್ಲಿ ಸ್ವಲ್ಪ ಹರಡಿ, ಎಂದಿನಂತೆ ಮಲಗಿದಳು. ಎಲೆ ಅಡಿಕೆ ಅರ್ಧ ಅಗಿಯುವಷ್ಟರಲ್ಲಿ ಎದ್ದು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಬ್ಯಾಡ ರೀ ಮೇಡಂ. ಇದು ಬರೇ ಕಟಗಿ ಅಲ್ಲ. ಹಲಗಿಗೆ ಹಚ್ಚಿದ ಅಂಟು ಐತಿ ಇದರಾಗ. ಕಣ್ಣು ಉರೀತಾವ. ಚಾಂದನಿಗೆ ದಮ್ಮು ಹತ್ತತೈತಿ. ಇನ್ನೆರಡು ದಿನ ತಡೀರಿ, ನಮ್ದು ಒಣಗತೈತಿ.”

ವ್ಯಾನಿನವನು ನಿಂತಿದ್ದ. ಕಾರ್ಖಾನೆಯ ಯುವಕನೊಬ್ಬ ಟೈ ಕಟ್ಟಿಕೊಂಡು ನಿಂತಿದ್ದ. ಅವನ ಜೊತೆ ನಾನು ಆಗಷ್ಟೇ ಇಂಗ್ಲಿಷಿನಲ್ಲಿ ಮಾತಾಡಿ ಮುಗಿಸಿದ್ದೆ. ಎರಡು ದಿನ ತಡೆದರೆ ಭಾನುವಾರ ಮುಗಿದುಹೋಗುತ್ತದೆ. ನನ್ನ ಕಿವಿ ಬಿಸಿಯಾಯಿತು. ಕನ್ನಡದಲ್ಲಿ ಉತ್ತರ ಕೊಟ್ಟರೆ ಇವಳಿಗೂ ನನಗೂ ಏನೋ ನಂಟಿದೆ ಎಂದು ಅವನಿಗೆ ಗೊತ್ತಾದೀತು ಅನಿಸಿತು. ತೆಲುಗಿನಲ್ಲಿ ಹೇಳಿದೆ.

“ಚೆಪ್ಪಿಂದಿ ಚೆಯ್ಯಿ.”

ಹೇಳಿದ್ದು ಮಾಡು ಎಂದು. ಹೆತ್ತವಳಿಗೆ, ಬಹುವಚನವಿಲ್ಲದೆ, ಪರಭಾಷೆಯಲ್ಲಿ. ಅವ್ವ ನನ್ನ ಮುಖವನ್ನು ಒಂದು ಕ್ಷಣ ನೋಡಿ, ಚೀಲ ಹೊತ್ತು ಒಳಗೆ ಹೋದಳು.

ಸಂಜೆ ಮನೆಯಲ್ಲಿ ಮಾತು ಬಂತು. ತಂದದ್ದು ನಾನೇ. “ಅವರು ಇಂಜಿನಿಯರುಗಳವ್ವ. ಮರದ ವಿಚಾರ ಅವರಿಗೆ ಗೊತ್ತಿರತೈತಿ. ನೀ ಎಲ್ಲರ ಮುಂದ ಹಂಗ ಅನ್ನಬಾರದಿತ್ತು.”

“ಅವರು ಕುದುರಿ ಮಲಗಲಿ ಅಂತ ಕೊರದಾರೇನು? ಕುರ್ಚಿ ಮಾಡಾಕ ಕೊರದಾರ,” ಅಂದಳು.

“ನಾ ಓದಿದಾಕಿ ಅದೀನಿ. ನನಗ ತಿಳಿಯಂಗಿಲ್ಲೇನು?”

“ಓದಿದ್ದು ನಿಂದು, ನನ್ನವ್ವಾ. ಮೂಗು ನಂದು.” ನಗುತ್ತಲೇ ಅಂದಳು. ನಾನು ನಗಲಿಲ್ಲ.

ಭಾನುವಾರ ಬೆಳಿಗ್ಗೆ ಅತಿಥಿಗಳು ಬರುವ ಮೊದಲು ಲಾಯವನ್ನು ಒಂದು ಸುತ್ತು ನೋಡಲು ಹೋದೆ. ಎಂಟು ಕೋಣೆಗಳಲ್ಲಿ ಹೊಸ ಹಾಸಿಗೆ ಬೆಳ್ಳಗೆ ಕಾಣುತ್ತಿತ್ತು. ಚಾಂದನಿಯ ಕೋಣೆಯಲ್ಲಿ ಮಾತ್ರ ಮಳೆಗೆ ನೆನೆದು ಕಂದುಬಣ್ಣಕ್ಕೆ ತಿರುಗಿದ್ದ ಹಳೆಯ ಸಿಪ್ಪೆ. ಅವ್ವ ಒಣಗಿದಷ್ಟನ್ನು ಆರಿಸಿ, ಅದೊಂದಕ್ಕೆ ಮಾತ್ರ ಹಾಸಿದ್ದಳು. ಚಾಂದನಿಯ ಪಕ್ಕೆಗೆ ಸಿಪ್ಪೆ ಅಂಟಿತ್ತು. ಮಲಗಿ ಎದ್ದಿತ್ತು.

ಮಕ್ಕಳು ಮೊದಲು ಓಡುವುದು ಬಿಳಿ ಕುದುರೆಯ ಹತ್ತಿರ. ಅದರ ಕಾಲಡಿಯಲ್ಲೇ ಕೊಳಕು ಕಂಡರೆ ಏನಂದುಕೊಂಡಾರು? ಖಾಜಾ ಮಿಯಾ ಎದುರಿಗೇ ಅವ್ವನಿಗೆ ಹೇಳಿದೆ: “ಇದನ್ನೂ ಬದಲಾಯಿಸಬೇಕು. ಈಗಲೇ.”

“ಬೇಟಿ,” ಅಂದರು ಖಾಜಾ ಮಿಯಾ, ಎರಡನೆಯ ಸಲ. ಅವ್ವ ಅವರ ತೋಳು ಮುಟ್ಟಿ ಸುಮ್ಮನಾಗಿಸಿದಳು. “ಆಯ್ತು ರೀ ಮೇಡಂ,” ಅಂದು ಬುಟ್ಟಿ ಎತ್ತಿಕೊಂಡಳು.

ಮಳೆ ಒಳಗೆ ಬೀಳದಿರಲೆಂದು ಕಿಟಕಿಗಳಿಗೆ ತಾಡಪತ್ರಿ ಇಳಿಬಿಟ್ಟಿತ್ತು. ಗಾಳಿಯಾಡಲು ದಾರಿಯಿರಲಿಲ್ಲ. ಆಮೇಲೆ ಆದದ್ದಕ್ಕೆ ಅದೂ ಸೇರಿಕೊಂಡಿತು. ಕಾರ್ಯಕ್ರಮ ಚೆನ್ನಾಗಿ ನಡೆಯಿತು. ಮಕ್ಕಳು ಚಾಂದನಿಯ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಸಾಹೇಬರು ನನ್ನನ್ನು ಹತ್ತು ಜನರ ಮುಂದೆ ಹೊಗಳಿದರು.

ಮಂಗಳವಾರ ಬೆಳಿಗ್ಗೆ ಖಾಜಾ ಮಿಯಾ ಓಡುತ್ತ ಆಫೀಸಿಗೆ ಬಂದರು. ಚಾಂದನಿ ಕೋಣೆಯ ನಡುವೆ ಕತ್ತು ಮುಂದಕ್ಕೆ ಚಾಚಿ ನಿಂತಿತ್ತು. ಮೂಗಿನ ಹೊಳ್ಳೆಗಳು ಅಗಲವಾಗಿ ಅರಳಿದ್ದವು. ಒಂದೊಂದು ಉಸಿರಿಗೂ ಹೊಟ್ಟೆ ಬೆನ್ನಿಗೆ ಹತ್ತಿ ಇಳಿಯುತ್ತಿತ್ತು. ಎರಡೂ ಕಣ್ಣು ಊದಿ ನೀರು ಸುರಿಯುತ್ತಿತ್ತು. ಕೆಮ್ಮಲು ಕೂಡ ಅದಕ್ಕೆ ಶಕ್ತಿ ಇರಲಿಲ್ಲ. ಪಕ್ಕೆ ಸ್ವಚ್ಛವಾಗಿತ್ತು, ಒಂದು ಸಿಪ್ಪೆಯೂ ಅಂಟಿರಲಿಲ್ಲ. ಎರಡು ದಿನದಿಂದ ಮಲಗಿರಲಿಲ್ಲ. ಅವ್ವ ಅದರ ಕತ್ತಿಗೆ ಕೈಹಾಕಿ ನಿಂತಿದ್ದಳು.

ಸಿಕಂದರಾಬಾದಿನಿಂದ ಪಶುವೈದ್ಯರು ಬಂದು ಸೂಜಿ ಹಾಕಿದರು. ನೆಲದಿಂದ ಒಂದು ಹಿಡಿ ಎತ್ತಿ ಮೂಸಿ ನೋಡಿ ಸಾಹೇಬರ ಕಡೆ ತಿರುಗಿದರು. ಇದು ಪ್ಲೈವುಡ್ಡಿನ ಪುಡಿ, ಅಂಟು ತುಂಬಿದೆ, ದಮ್ಮಿನ ಕುದುರೆಯ ಕೆಳಗೆ ಇದನ್ನು ಯಾರು ಹಾಕಿದರು ಎಂದು ಕೇಳಿದರು.

ಸಾಹೇಬರ ಮುಖ ಕೆಂಪಾಯಿತು. ಸಿಪ್ಪೆ ಎಲ್ಲಿಂದ ಬಂತೆಂಬುದನ್ನು ಅವರು ವಿಚಾರಿಸಿರಲೇ ಇಲ್ಲ, ಆ ಕೆಲಸ ನನ್ನದಾಗಿತ್ತು. “ಯಾರು ಹಾಕಿದ್ದು?” ಎಂದು ಹಿಂದಿಯಲ್ಲಿ ಕೂಗಿದರು. ನಾನು ಅವರಿಂದ ಎರಡು ಮಾರು ದೂರದಲ್ಲಿದ್ದೆ. ‘ತರಿಸಿದ್ದು ನಾನು’ ಎಂಬ ಎರಡು ಶಬ್ದ. ಹಿಂದಿಯಲ್ಲಿ ಗೊತ್ತಿತ್ತು, ಇಂಗ್ಲಿಷಿನಲ್ಲಿ ಗೊತ್ತಿತ್ತು. ನಾಲಿಗೆ ಏಳಲಿಲ್ಲ.

ಅವ್ವ ನನ್ನ ಕಡೆ ನೋಡಿ, ಮೆಲ್ಲಗೆ ಕನ್ನಡದಲ್ಲಿ ಅಂದಳು: “ನಾ ಹಾಕಿದ್ದು ಅಂತ ಹೇಳ್ರಿ ಮೇಡಂ.”

“ಏನನ್ನುತ್ತಿದ್ದಾಳೆ?” ಅಂದರು ಸಾಹೇಬರು ನನಗೆ. ಅವ್ವ ಅವರ ಮುಂದೆ ಎಂದೂ ಬಾಯಿ ಬಿಟ್ಟವಳಲ್ಲ. ಅವಳಿಗೆ ಕನ್ನಡ ಬಿಟ್ಟು ಬೇರೇನೂ ಬರುವುದಿಲ್ಲ ಎಂದು ತಿಳಿದಿದ್ದರು. ನನಗೆ ಕನ್ನಡ ಬರುತ್ತದೆ ಎಂದು ಅರ್ಜಿಯಲ್ಲಿ ಬರೆದಿದ್ದೆ.

“ಹಾಕಿದ್ದು ತಾನೇ ಅನ್ನುತ್ತಿದ್ದಾಳೆ, ಸರ್,” ಅಂದೆ.

ಸುಳ್ಳಲ್ಲ. ಹಾಕಿದವಳು ಅವಳೇ. ನಾನು ಅನುವಾದದಲ್ಲಿ ಒಂದು ಅಕ್ಷರ ತಪ್ಪಿಲ್ಲ.

“ಇವಳಿಗೆ ಹೇಳು,” ಅಂದರು ಸಾಹೇಬರು. “ನಾಳೆಯಿಂದ ಬರುವುದು ಬೇಡ. ಇಷ್ಟು ವರ್ಷ ಕೆಲಸ ಮಾಡಿದವಳಿಗೆ ಮೂಗಿಲ್ಲವೇ ಎಂದು ಕೇಳು. ಇವಳ ಭಾಷೆಯಲ್ಲೇ ಹೇಳು, ಅರ್ಥವಾಗಲಿ.”

ಖಾಜಾ ಮಿಯಾ ನನ್ನನ್ನೇ ನೋಡುತ್ತಿದ್ದರು. ಚಾಂದನಿಯ ಉಸಿರು ಕಿವಿಗೆ ಬಡಿಯುತ್ತಿತ್ತು. ನಾನು ಅವ್ವನ ಮುಖ ನೋಡದೆ, ಅವಳ ಕಾಲಿನ ಕಡೆ ನೋಡುತ್ತ ಹೇಳಿದೆ: “ನಾಳೆಯಿಂದ ಬರೂದು ಬ್ಯಾಡಂತ.” ಮೂಗಿನ ಮಾತನ್ನು ಬಿಟ್ಟೆ. ಅಷ್ಟು ಮಾತ್ರ ಕರುಣೆ ತೋರಿಸಿದೆ ಎಂದು ಆಗ ಅಂದುಕೊಂಡಿದ್ದೆ.

ಆದರೆ ಅವ್ವನಿಗೆ ಹಿಂದಿ ತಿಳಿಯುತ್ತಿತ್ತು. ಹೈದರಾಬಾದಿನಲ್ಲಿ ಅಷ್ಟು ವರ್ಷ ಕೂಲಿ ಮಾಡಿದವಳಿಗೆ ತಿಳಿಯದೆ ಇದ್ದೀತೇ? ಸಾಹೇಬರು ಅಂದದ್ದನ್ನು ಅವಳು ಆಗಲೇ ಕೇಳಿಸಿಕೊಂಡಿದ್ದಳು. ಆದರೂ ನಾನು ಹೇಳಿ ಮುಗಿಸುವ ತನಕ ಕಾದಳು. ಆಮೇಲೆ ತನ್ನ ಬಗ್ಗೆ ಏನೂ ಅನ್ನದೆ, ಒಂದೇ ಸಮನೆ ಹೇಳಿದಳು.

“ಇಲ್ಲಿದ್ದಿದ್ದೆಲ್ಲಾ ಹೊರಗ ಹಾಕಸ್ರಿ, ಗೋಡಿಗೆ ಹತ್ತಿದ್ದೂ ತೊಳಸ್ರಿ. ಇದನ್ನ ಒಳಗ ಕಟ್ಟಬ್ಯಾಡ್ರಿ, ಚಪ್ಪರದಾಗ ಕಟ್ರಿ, ಗಾಳಿ ಆಡತೈತಿ. ಕೆಳಗ ದಪ್ಪ ಉಸುಕು ತೊಳದು ಹಾಸ್ರಿ. ಒಣಹುಲ್ಲು ಹಂಗ ಹಾಕಬ್ಯಾಡ್ರಿ, ನೀರಾಗ ಅದ್ದಿ ಹಾಕ್ರಿ. ಉಳದವಕ್ಕೂ ಇವತ್ತ ಬದಲಾಯಿಸ್ರಿ. ಒಂದ ಕೆಮ್ಮತೈತಿ ಅಂತ ಉಳದವು ಆರಾಮ ಅದಾವ ಅಂತಲ್ಲ.”

“ಏನಂತೆ?” ಅಂದರು ಸಾಹೇಬರು.

ಎಷ್ಟೋ ವರ್ಷ ನಾನು ಈ ಜಾಗದಲ್ಲಿ ನೆನಪನ್ನು ತಿದ್ದಿಕೊಳ್ಳಲು ನೋಡಿದ್ದೇನೆ. ಆಗುವುದಿಲ್ಲ. “ಹೋಗುತ್ತೇನೆ ಅಂದಳು, ಸರ್,” ಅಂದೆ. ಆಮೇಲೆ, ಇಂಗ್ಲಿಷಿನಲ್ಲಿ, “ಚಾಂದನಿಯನ್ನು ಚಪ್ಪರದಲ್ಲಿ ಕಟ್ಟಿಸಿದರೆ ಹೇಗೆ, ಸರ್? ಕೆಳಗೆ ತೊಳೆದ ಮರಳು ಹಾಸಿ? ಹುಲ್ಲನ್ನು ನೀರಿನಲ್ಲಿ ಅದ್ದಿ ಕೊಟ್ಟರೆ ಧೂಳು ಏಳುವುದಿಲ್ಲ.”

ವೈದ್ಯರು ತಲೆಯಾಡಿಸಿದರು. ನಾನೂ ಅದನ್ನೇ ಹೇಳಬೇಕೆಂದಿದ್ದೆ ಅಂದರು. ಸಾಹೇಬರು ನನ್ನ ಹೆಗಲು ತಟ್ಟಿ, ಓದಿದವರಿಗೂ ಓದದವರಿಗೂ ಇದೇ ವ್ಯತ್ಯಾಸ ನೋಡಿ ಎಂದು ವೈದ್ಯರಿಗೆ ಹೇಳಿದರು. ಅವ್ವ ಆಗಲೇ ಬುಟ್ಟಿಯನ್ನು ಮಗುಚಿ ಗೋಡೆಗೆ ಒರಗಿಸಿ ಹೊರಟಿದ್ದಳು. ಇಂಗ್ಲಿಷ್ ಅವಳಿಗೆ ತಿಳಿಯುತ್ತಿರಲಿಲ್ಲ ನಿಜ. ಆದರೆ ನನ್ನ ಕೈ ಚಪ್ಪರದ ಕಡೆ ತೋರಿಸಿದ್ದನ್ನು ಕಂಡಿದ್ದಳು.

ಆ ಸಂಜೆ ನಾನು ಮನೆಗೆ ತಡವಾಗಿ ಹೋದೆ. ಬೈದರೆ ಸಾಕೆಂದು ಕಾದೆ. ಬೈಯಲಿಲ್ಲ. ರೊಟ್ಟಿ, ಪುಂಡಿಪಲ್ಯ ಬಡಿಸಿ, ಎದುರಿಗೆ ಕುಳಿತು ಕೇಳಿದಳು: “ಚಾಂದನಿ ಮಲಗಿತೇನು?”

“ಹೂಂ, ಮಲಗಿತು,” ಅಂದೆ. ಚಪ್ಪರಕ್ಕೆ ಕಟ್ಟಿದ್ದು ಗೊತ್ತಿತ್ತು. ಮಲಗಿತೋ ಇಲ್ಲವೋ ನೋಡಿರಲಿಲ್ಲ. ಆಫೀಸಿನಿಂದ ಆ ಕಡೆ ಹೋಗಿರಲೇ ಇಲ್ಲ.

ಮರುದಿನವೂ ಕೇಳಿದಳು. ಅದರ ಮರುದಿನವೂ. “ಇವತ್ತು ಮಲಗಿತ್ತೇನು? ಯಾವ ಮಗ್ಗಲಿಗೆ?” ನಾನು ಬಲಮಗ್ಗುಲು ಅನ್ನುತ್ತಿದ್ದೆ, ಒಮ್ಮೊಮ್ಮೆ ಎಡಮಗ್ಗುಲು ಅನ್ನುತ್ತಿದ್ದೆ. ಆಫೀಸಿನಿಂದ ಚಪ್ಪರಕ್ಕೆ ನೂರು ಹೆಜ್ಜೆ ಇರಬಹುದು. ಆ ನೂರು ಹೆಜ್ಜೆ ನಡೆಯಲು ನನಗೆ ಆಗಲಿಲ್ಲ. ಹೋದರೆ ಅಲ್ಲಿ ಖಾಜಾ ಮಿಯಾ ಇರುತ್ತಾರೆ. ಹೋದರೆ ಆ ಕುದುರೆ ಕಣ್ಣು ಬಿಟ್ಟು ನೋಡುತ್ತದೆ.

ಚಾಂದನಿ ಬದುಕಿತು. ಹತ್ತು ಹನ್ನೆರಡು ದಿನಗಳಾದ ಮೇಲೆ ಒಂದು ಬೆಳಿಗ್ಗೆ ಖಾಜಾ ಮಿಯಾ ಆಫೀಸಿನ ಬಾಗಿಲಲ್ಲಿ ನಿಂತು, ಒಳಗೆ ಬಾರದೆ, “ಇವತ್ತು ಮಲಗೈತಿ, ಮೇಡಂ” ಎಂದಷ್ಟೇ ಹೇಳಿ ಹೋದರು. ನಾನು ಮನೆಯಲ್ಲಿ ಆಗಲೇ ಹತ್ತು ಸಲ ಮಲಗಿಸಿಬಿಟ್ಟಿದ್ದೆ.

ಅವ್ವ ಒಂದು ವಾರ ಮನೆಯಲ್ಲಿ ಕೂತಳು. ಆಮೇಲೆ ನಮ್ಮ ಓಣಿಯ ಹೆಂಗಸರ ಜೊತೆ ಲಾರಿ ಹತ್ತಿ, ಊರಿನ ಆ ತುದಿಯ ಗಾಜಿನ ಕಟ್ಟಡಗಳಿಗೆ ಇಟ್ಟಿಗೆ ಹೊರಲು ಹೋಗತೊಡಗಿದಳು. ಅವಳ ಮೊಣಕಾಲು ಹೋದದ್ದು ಅಲ್ಲಿ. ನನಗೆ ಸಾಹೇಬರು ಒಳ್ಳೆಯ ಅನುಭವ ಪತ್ರ ಬರೆದುಕೊಟ್ಟರು. ಸಮಯಪ್ರಜ್ಞೆಯುಳ್ಳವಳು ಎಂದು ಅದರಲ್ಲಿತ್ತು. ಅದನ್ನು ಹಿಡಿದುಕೊಂಡು ಚಳಿಗಾಲದ ಹೊತ್ತಿಗೆ ಬೇಗಂಪೇಟೆಯ ಒಂದು ಆಫೀಸು ಸೇರಿದೆ. ಅಮೆರಿಕದ ವೈದ್ಯರು ರೋಗಿಗಳ ಬಗ್ಗೆ ಹೇಳಿದ್ದನ್ನು ಕಿವಿಗೆ ಹಾಕಿಕೊಂಡು ಟೈಪ್ ಮಾಡುವ ಕೆಲಸ. ಉಸಿರಾಟದ ತೊಂದರೆ, ಉಸಿರಾಟದ ತೊಂದರೆ ಎಂದು ದಿನಕ್ಕೆ ಎಷ್ಟು ಸಲ ಬಡಿದೆನೋ. ಒಂದು ಅಕ್ಷರ ತಪ್ಪದೆ ಬಡಿಯುತ್ತಿದ್ದೆ. ಆ ಆಫೀಸಿನಲ್ಲಿ ಬೇಗ ಮೇಲೆ ಬಂದೆ. ನಂತರ ಈ ಮನೆ ಕೊಂಡೆವು. ಅವ್ವ ಆಗಿನಿಂದ ಈಗಿನವರೆಗೆ ನನ್ನ ಜೊತೆಗೇ ಇದ್ದಾಳೆ. ಬಂದವರಿಗೆಲ್ಲ ಇವಳು ನನ್ನ ತಾಯಿ ಎಂದು ನಾನೇ ಮೊದಲು ಹೇಳುತ್ತೇನೆ. ಹೇಳುವಾಗ ಸ್ವಲ್ಪ ಜೋರಾಗಿಯೇ ಹೇಳುತ್ತೇನೆ.

ಬಡಗಿ ಬಾಗಿಲು ಕೂಡಿಸಿ, ಎರಡು ಸಲ ತೆಗೆದು ಹಾಕಿ ತೋರಿಸಿ ಹೋದ. ಸಿಪ್ಪೆಯನ್ನು ಗುಡಿಸಲು ನಾನು ಪೊರಕೆ ತಂದೆ. ಅವ್ವ ಇನ್ನೂ ಅಲ್ಲೇ ಕುಳಿತಿದ್ದಳು, ಸಿಪ್ಪೆಯನ್ನು ಗೋಡೆಯ ಬುಡಕ್ಕೆ ಸರಿಸಿ ಅಂಗೈಯಿಂದ ಒತ್ತುತ್ತಿದ್ದಳು. ದಿಂಬಿನ ಹಾಗೆ. ನಾನು ಪೊರಕೆ ಬದಿಗಿಟ್ಟು ಅವಳ ಪಕ್ಕ ಕುಳಿತೆ.

“ಅವ್ವಾ, ಆವಾಗ ಚಾಂದನಿ ಮಲಗಿತು ಅಂತ ಹೇಳತಿದ್ದೆನಲ್ಲ. ಸುಳ್ಳು ಹೇಳಿದ್ದೆ. ಅದು ಭಾಳ ದಿನ ಮಲಗಿರಲಿಲ್ಲ.”

“ಗೊತ್ತೈತಿ.”

“ಹೆಂಗ?”

“ಖಾಜಾ ಮಿಯಾ ದಿನಾ ಸಂಜಿಗೆ ಕಿರಾಣಿ ಅಂಗಡಿ ಕಡೆ ಬಂದು ಹೇಳಿ ಹೋಗತಿದ್ದ. ಹನ್ನೊಂದನೇ ದಿನಕ್ಕ ಮಲಗಿತು. ಎಡಮಗ್ಗಲಿಗೆ.” ಅವಳ ಕೈ ಸಿಪ್ಪೆಯ ಮೇಲೆ ಓಡುತ್ತಲೇ ಇತ್ತು.

“ಎಲ್ಲಾ ಗೊತ್ತಿದ್ದು ಮತ್ಯಾಕ ದಿನಾ ನನ್ನ ಕೇಳತಿದ್ದಿ?”

ಅವ್ವ ಕೈ ನಿಲ್ಲಿಸಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಬರಿಗಾಲಿನಲ್ಲಿ ನಡೆದು ತಂಪು ಎಲ್ಲಿದೆ ಎಂದು ನೋಡುವಾಗಿನ ಹಾಗೆ ನಿಧಾನವಾಗಿತ್ತು.

“ನಾಳೆಯಾದ್ರೂ ಹೋಗಿ ನೋಡತೀ ಅಂತ,” ಅಂದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: “ಹೋಗಿದ್ದಿಯೇನು, ನನ್ನವ್ವಾ? ಒಂದ ದಿನಾರ?”

“ಇಲ್ಲವ್ವಾ.”

ಅವ್ವ ತಲೆಯಾಡಿಸಿದಳು. ಗೋಡೆ ಹಿಡಿದು ಏಳಲು ನೋಡಿದಳು, ಆಗಲಿಲ್ಲ. ನಾನು ಎದ್ದು ಕೈ ಕೊಟ್ಟೆ. ಹಿಡಿದುಕೊಂಡಳು. ಅವಳ ಸೀರೆಯ ಪಕ್ಕಕ್ಕೆ ಒಂದೆರಡು ಸಿಪ್ಪೆ ಅಂಟಿದ್ದವು. ತೆಗೆಯಲು ಕೈ ಹೋಯಿತು. ತೆಗೆಯದೆ ಬಿಟ್ಟೆ.